ಹಣ ಬೇರೆಯವರ ಖಾತೆಗೆ ಹೋಯಿತೇ? ಮೊದಲು ದೋಷ ಎಲ್ಲಿದೆ ಅಂತ ಪತ್ತೆ ಮಾಡಿ

ಫೋನಿನಲ್ಲಿ ಹಸಿರು ಟಿಕ್ ಬಂದಿದೆ. ನಿಮ್ಮ ಖಾತೆಯಿಂದ ಹಣ ಕಟ್ ಆಗಿದೆ. ಆದರೆ ಪಡೆಯಬೇಕಾದವರು "ಇನ್ನೂ ಬಂದಿಲ್ಲ" ಅನ್ನುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತಾರೆ. "ಹಣ ಕಟ್ ಆಗಿದೆ, ಅವರಿಗೆ ಸೇರಿಲ್ಲ" ಅಂತ ದೂರು ಬರೆಸುತ್ತಾರೆ. ಸ್ವಲ್ಪ ದಿನ ಬಿಟ್ಟು "ಹಣ ಜಮಾ ಆಗಿದೆ, ನಿಮ್ಮ ದೂರು ಬಗೆಹರಿದಿದೆ" ಎಂಬ ಮೆಸೇಜ್ ಬರುತ್ತದೆ. ದೂರು ಮುಚ್ಚಿಹೋಗುತ್ತದೆ. ಹಣ ಮಾತ್ರ ಬಂದಿರುವುದಿಲ್ಲ.

ಬ್ಯಾಂಕ್ ಸುಳ್ಳು ಹೇಳಿಲ್ಲ. ಹಣ ನಿಜಕ್ಕೂ ಜಮಾ ಆಗಿದೆ. ನೀವು ಕೊಟ್ಟ ಸಂಖ್ಯೆಯ ಖಾತೆಗೇ ಜಮಾ ಆಗಿದೆ. ಆ ಖಾತೆ ಬೇರೆಯವರದು, ಅಷ್ಟೇ. "ಹಣ ಸೇರಿಲ್ಲ" ಅನ್ನುವುದು ಒಂದು ದೋಷ, "ಹಣ ಬೇರೆಯವರಿಗೆ ಸೇರಿದೆ" ಅನ್ನುವುದು ಇನ್ನೊಂದು ದೋಷ. ಎರಡಕ್ಕೂ ನಿಯಮ ಬೇರೆ, ದಾರಿ ಬೇರೆ. ಬ್ಯಾಂಕಿನ ಕೌಂಟರ್ ಒಳಗೆ ಕೂತು ಇಂಥ ದೂರುಗಳನ್ನು ಬಹಳ ಕಾಲ ನೋಡಿದವನು ನಾನು. ಎಷ್ಟೋ ಜನರ ಹಣ ಕೈತಪ್ಪಿದ್ದು, ತಪ್ಪು ಬಗೆಯ ದೂರು ಕೊಟ್ಟು ಕಾಯುತ್ತಾ ಕೂತ ಮೊದಲ ವಾರದಲ್ಲಿ. ಹಾಗಾಗಿ ಓಡಾಟ ಆಮೇಲೆ, ಪತ್ತೆ ಮೊದಲು.

ಸಿಸ್ಟಂ ಹೆಸರು ನೋಡುವುದಿಲ್ಲ

ಈ ಒಂದು ವಿಷಯ ಗೊತ್ತಿದ್ದರೆ ಉಳಿದದ್ದು ಸುಲಭ. ನೆಫ್ಟ್, ಆರ್‌ಟಿಜಿಎಸ್‌ನಂಥ ಎಲೆಕ್ಟ್ರಾನಿಕ್ ಪಾವತಿಗಳಲ್ಲಿ ಖಾತೆ ಸಂಖ್ಯೆ ಒಂದನ್ನೇ ನೋಡಿ ಹಣ ಜಮಾ ಮಾಡಬಹುದು ಅಂತ ರಿಸರ್ವ್ ಬ್ಯಾಂಕ್ 2010ರ ಅಕ್ಟೋಬರ್‌ನಲ್ಲೇ ಹೇಳಿದೆ. ಸರಿಯಾದ ಸಂಖ್ಯೆ ಕೊಡುವುದು ಕಳಿಸುವವರ ಹೊಣೆ. ನೀವು ಹೆಸರಿನ ಜಾಗದಲ್ಲಿ "ಶಾರದಮ್ಮ" ಅಂತ ಬರೆದು, ಸಂಖ್ಯೆ ಮಾತ್ರ ಯಾರೋ ರಮೇಶನದ್ದು ಕೊಟ್ಟರೆ, ಹಣ ರಮೇಶನಿಗೇ ಹೋಗುತ್ತದೆ. "ಹೆಸರು ಹೊಂದದಿದ್ದರೆ ವಾಪಸ್ ಬರುತ್ತೆ ಅಲ್ವಾ?" ಅಂತ ಕೇಳುವವರು ಇವತ್ತಿಗೂ ಇದ್ದಾರೆ. ಅದು ಚೆಕ್ಕಿನ ಕಾಲದ ನಂಬಿಕೆ.

ಇದಕ್ಕೆ ಪರಿಹಾರ ತಡವಾಗಿ ಬಂತು, ಆದರೆ ಬಂತು. ನೆಫ್ಟ್ ಮತ್ತು ಆರ್‌ಟಿಜಿಎಸ್ ಮಾಡುವ ಮುಂಚೆ ಖಾತೆದಾರರ ಹೆಸರನ್ನು ತೋರಿಸುವ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಬ್ಯಾಂಕುಗಳಿಗೆ ಕೊಟ್ಟ ಗಡುವು 2025ರ ಏಪ್ರಿಲ್ 1. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಹಾಕಿದರೆ ಆ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು ಬರುತ್ತದೆ. ಇದಕ್ಕೆ ಶುಲ್ಕ ಇಲ್ಲ. ಶಾಖೆಗೆ ಹೋಗಿ ಚಲನ್ ಬರೆದು ಕಳಿಸುವವರೂ ಇದನ್ನು ಕೇಳಿ ಪಡೆಯಬಹುದು. ಯುಪಿಐ ಆ್ಯಪ್‌ಗಳೂ 2025ರ ಜೂನ್ 30ರಿಂದ ಬ್ಯಾಂಕ್ ದಾಖಲೆಯ ಹೆಸರನ್ನೇ ತೋರಿಸಬೇಕು. ನಿಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡ ಹೆಸರನ್ನಾಗಲಿ, ಅವರೇ ಇಟ್ಟುಕೊಂಡ ಅಡ್ಡಹೆಸರನ್ನಾಗಲಿ ತೋರಿಸುವಂತಿಲ್ಲ. ಆ ಹೆಸರು ಪರದೆಯ ಮೇಲೆ ಬರುವುದು ಕ್ಷಣ ಹೊತ್ತು. ಅದನ್ನು ಓದದೆ ಪಿನ್ ಒತ್ತಿದರೆ ಸೌಲಭ್ಯ ಇದ್ದೂ ಇಲ್ಲದಂತೆ.

ಮೊದಲ ಪರೀಕ್ಷೆ: ಹಣ ಈಗ ಎಲ್ಲಿದೆ?

ಮೊದಲು ವಹಿವಾಟಿನ ಸಂಖ್ಯೆ ಹುಡುಕಿ. ಮೆಸೇಜ್, ಆ್ಯಪ್, ಪಾಸ್‌ಬುಕ್, ಎಲ್ಲಾದರೂ ಇರುತ್ತದೆ. ಅದರ ಉದ್ದ ನೋಡಿದರೇ ಹಣ ಯಾವ ದಾರಿಯಲ್ಲಿ ಹೋಗಿದೆ ಅಂತ ಗೊತ್ತಾಗುತ್ತದೆ. ಕೂಡಲೇ ಹಣ ಮುಟ್ಟಿಸುವ ಐಎಂಪಿಎಸ್ ಮತ್ತು ಯುಪಿಐಗೆ 12 ಅಂಕಿ. ನೆಫ್ಟ್‌ನ ವಹಿವಾಟು ಸಂಖ್ಯೆಗೆ (ಅದನ್ನು ಯುಟಿಆರ್ ಅನ್ನುತ್ತಾರೆ) 16 ಅಕ್ಷರ. ಆರ್‌ಟಿಜಿಎಸ್‌ಗೆ 22. ಈ ಸಂಖ್ಯೆ ಇಲ್ಲದೆ ಶಾಖೆಗೆ ಹೋದರೆ ಅರ್ಧ ದಿನ ಅದನ್ನು ಹುಡುಕುವುದರಲ್ಲೇ ಹೋಗುತ್ತದೆ.

ನೆಫ್ಟ್ ಆಗಿದ್ದರೆ ಸ್ವಲ್ಪ ತಾಳ್ಮೆ ಬೇಕು. ಅದು ಅರ್ಧ ಗಂಟೆಗೊಂದು ಕಂತಿನಲ್ಲಿ, ದಿನಕ್ಕೆ 48 ಕಂತುಗಳಲ್ಲಿ ಹೋಗುತ್ತದೆ. 2019ರ ಡಿಸೆಂಬರ್ 16ರಿಂದ ರಜೆ, ರಾತ್ರಿ ಅಂತ ಇಲ್ಲದೆ ನಡೆಯುತ್ತಿದೆ. ಕಂತು ಮುಗಿದು 2 ಗಂಟೆಯೊಳಗೆ ಆಚೆ ಬ್ಯಾಂಕ್ ಜಮಾ ಮಾಡಬೇಕು, ಇಲ್ಲವೇ ವಾಪಸ್ ಕಳಿಸಬೇಕು. ತಡ ಮಾಡಿದರೆ ರೆಪೊ ದರದ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡಬೇಕು. ಜಮಾ ಆದ ಮೇಲೆ ಕಳಿಸಿದವರಿಗೆ ಇನ್ನೊಂದು ಮೆಸೇಜ್ ಬರುತ್ತದೆ. ಮೊದಲ ಮೆಸೇಜ್ ಹೇಳುವುದು "ನಿಮ್ಮ ಖಾತೆಯಿಂದ ಹೋಯಿತು" ಅಂತ. ಎರಡನೆಯದು ಹೇಳುವುದು "ಅಲ್ಲಿ ಜಮಾ ಆಯಿತು" ಅಂತ. ಈ ಎರಡನೇ ಮೆಸೇಜ್ ಬಂದಿದ್ದು, ನಿಮ್ಮವರು ಮಾತ್ರ ಬಂದಿಲ್ಲ ಅನ್ನುತ್ತಿದ್ದರೆ, ಹಣ ಬೇರೆಯವರ ಖಾತೆಯಲ್ಲಿದೆ ಅಂತಲೇ ಅನುಮಾನಿಸಿ.

ಐಎಂಪಿಎಸ್, ಯುಪಿಐ ಆಗಿದ್ದರೆ ಹಣ ಕೂಡಲೇ ಹೋಗುತ್ತದೆ. ಆ್ಯಪ್ "ಪೆಂಡಿಂಗ್" ತೋರಿಸಿದರೆ ಸುಮ್ನೆ ಕಾಯಿರಿ. ಇನ್ನೊಮ್ಮೆ ಕಳಿಸಬೇಡಿ. ಎರಡು ಸಲ ಪಾವತಿ ಆಗುವುದು ಇಲ್ಲೇ. ಹಣ ಕಟ್ ಆಗಿ ಆ ಕಡೆ ಜಮಾ ಆಗದಿದ್ದರೆ, ವಹಿವಾಟು ನಡೆದ ಮರುದಿನದೊಳಗೆ ಅದು ತಾನಾಗಿ ನಿಮಗೆ ವಾಪಸ್ ಬರಬೇಕು. ಆಮೇಲಿನ ಪ್ರತಿ ದಿನಕ್ಕೂ ಬ್ಯಾಂಕ್ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ನೀವು ಕೇಳದೆಯೇ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಮಾಡಿದ ನಿಯಮ ಇದು. ಅಂಗಡಿಗೆ ಮಾಡಿದ ಯುಪಿಐ ಪಾವತಿಯಾದರೆ 5 ದಿನ.

ಈ 100 ರೂಪಾಯಿ ನಿಯಮ ಫೇಲ್ ಆದ ವಹಿವಾಟಿಗೆ ಮಾತ್ರ. ತಪ್ಪು ಖಾತೆಗೆ ಹೋದದ್ದು ಫೇಲ್ ಅಲ್ಲ. ಬ್ಯಾಂಕಿನ ಲೆಕ್ಕದಲ್ಲಿ ಅದು ಸಕ್ಸೆಸ್. "ಸಕ್ಸೆಸ್" ತೋರಿಸಿ ಎರಡು ದಿನ ಕಳೆದರೂ ಹಣ ಅಲ್ಲಿಗೂ ಮುಟ್ಟಿಲ್ಲ, ಇಲ್ಲಿಗೂ ಮರಳಿಲ್ಲ ಅಂದರೆ, ಮುಂದಿನ ಪರೀಕ್ಷೆ ಮಾಡಲೇಬೇಕು.

ಎರಡನೇ ಪರೀಕ್ಷೆ: ಸಂಖ್ಯೆಯಲ್ಲಿ ತಪ್ಪು ಎಲ್ಲಿ?

ಆ್ಯಪ್‌ನಲ್ಲಿ ಸೇವ್ ಆಗಿರುವ ಸಂಖ್ಯೆಯನ್ನು ಅವರ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಜೊತೆ ತಾಳೆ ನೋಡಿ. ನೆನಪಿನ ಜೊತೆ ಬೇಡ, ವಾಟ್ಸಾಪ್‌ನಲ್ಲಿ ಬಂದ ಮೆಸೇಜಿನ ಜೊತೆಯೂ ಬೇಡ. ಕೊನೆಯಿಂದ ಹಿಂದಕ್ಕೆ ಒಂದೊಂದೇ ಅಂಕಿ ಓದಿ. ಮುಂದಿನಿಂದ ಓದಿದರೆ ಕಣ್ಣು ಗುರುತಿರುವ ಅಂಕಿಗಳನ್ನು ತಾನೇ ತುಂಬಿಕೊಂಡುಬಿಡುತ್ತದೆ. ನಡುವೆ ಸಾಲಾಗಿ ಸೊನ್ನೆ ಇರುವ ಸಂಖ್ಯೆಗಳಲ್ಲಿ ಒಂದು ಸೊನ್ನೆ ಬಿಟ್ಟುಹೋಗುವುದು ಬಹಳ ಸಾಮಾನ್ಯ.

ಮೂಡಿಗೆರೆ ಕಡೆಯ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರ್ ಒಬ್ಬರು ಒಮ್ಮೆ ನಮ್ಮ ಶಾಖೆಗೆ ಬಂದರು. ಒಬ್ಬ ಕಾರ್ಮಿಕನ ಕೂಲಿ 18,400 ರೂಪಾಯಿ ಕಳಿಸಿದ್ದರು, ಅವನಿಗೆ ಮುಟ್ಟಿರಲಿಲ್ಲ. ಆ್ಯಪ್‌ನಲ್ಲಿ ದೂರು ಕೊಟ್ಟಿದ್ದರು, "ಜಮಾ ಆಗಿದೆ" ಅಂತ ಮುಚ್ಚಿತ್ತು. ಮತ್ತೆ ಕೊಟ್ಟರು, ಮತ್ತೆ ಮುಚ್ಚಿತು. ಕಾರ್ಮಿಕ ಸುಳ್ಳು ಹೇಳುತ್ತಿದ್ದಾನೆ ಅಂತ ತೋಟದಲ್ಲಿ ಮಾತು ಶುರುವಾಗಿತ್ತು. ಅವರ ಬಳಿ ಮೇಸ್ತ್ರಿ ಬರೆದುಕೊಟ್ಟ ಚೀಟಿ ಇನ್ನೂ ಇತ್ತು. ಸಂಖ್ಯೆ ಕನ್ನಡ ಅಂಕಿಗಳಲ್ಲಿತ್ತು. ಮೇಸ್ತ್ರಿ ಬರೆದ ೬ ಬಾಲ ಎತ್ತಿಕೊಂಡು ೯ರ ಹಾಗೆ ಕಾಣುತ್ತಿತ್ತು. ರೈಟರ್ ಅದನ್ನು 9 ಅಂತ ಓದಿದ್ದರು. ಆ ಸಂಖ್ಯೆಯಲ್ಲಿ ನಿಜಕ್ಕೂ ಒಂದು ಖಾತೆ ಇತ್ತು, ನಮ್ಮದೇ ಬ್ಯಾಂಕಿನ ಬೇರೆ ಊರಿನ ಶಾಖೆಯಲ್ಲಿ. ಆ ಶಾಖೆಯವರು ಖಾತೆದಾರರಿಗೆ ಫೋನ್ ಮಾಡಿದರು. ಅದೊಬ್ಬ ಹೆಂಗಸಿನ ಖಾತೆ. ಹಣ ಬಂದದ್ದೇ ಆಕೆಗೆ ಗೊತ್ತಿರಲಿಲ್ಲ, ಪಾಸ್‌ಬುಕ್ ಪ್ರಿಂಟ್ ಹಾಕಿಸಿ ಬಹಳ ದಿನ ಆಗಿತ್ತು. ಆಕೆ ಬಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಹಣ ವಾಪಸ್ ಬಂತು. ಆ ಕಾರ್ಮಿಕನ ಮೇಲಿದ್ದ ಅನುಮಾನವೂ ಹೋಯಿತು. ನನಗೆ ಹಣಕ್ಕಿಂತ ಅದೇ ದೊಡ್ಡದು ಅನ್ನಿಸಿತು.

ಸಂಖ್ಯೆಯನ್ನು ಎರಡು ಸಲ ಟೈಪ್ ಮಾಡಿಸುತ್ತಾರಲ್ಲ, ಅದು ಬೆರಳಿನ ತಪ್ಪನ್ನು ಹಿಡಿಯುತ್ತದೆ. ಕಣ್ಣಿನ ತಪ್ಪನ್ನು ಹಿಡಿಯುವುದಿಲ್ಲ. ಚೀಟಿಯನ್ನೇ ತಪ್ಪಾಗಿ ಓದಿದ್ದರೆ ಎರಡು ಸಲವೂ ಅದೇ ತಪ್ಪು ಟೈಪ್ ಆಗುತ್ತದೆ.

ಈಚೆಗೆ ಅಂಕಿ ತಪ್ಪುವುದಕ್ಕಿಂತ ಜಾಸ್ತಿ ಆಗುತ್ತಿರುವುದು ಹೆಸರು ತಪ್ಪುವುದು. ಪಟ್ಟಿಯಲ್ಲಿ "ಮಂಜು", "ಮಂಜುನಾಥ್", "ಮಂಜು ಪ್ಲಂಬರ್" ಮೂವರೂ ಇರುತ್ತಾರೆ. ಬೆರಳು ಒಂದು ಸಾಲು ಮೇಲೆ ಬೀಳುತ್ತದೆ. ಇದಾಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಹಣ ಹೋದದ್ದು ಗುರುತಿನವರಿಗೇ. ಬ್ಯಾಂಕಿಗೆ ಹೋಗುವ ಮುಂಚೆ ಆ್ಯಪ್‌ನ ಹಿಸ್ಟರಿ ತೆಗೆದು, ಯಾರ ಹೆಸರಿನ ಮುಂದೆ ವಹಿವಾಟು ಇದೆ ಅಂತ ನೋಡಿ, ಅವರಿಗೊಂದು ಫೋನ್ ಮಾಡಿ.

ಫೋನ್ ನಂಬರಿಗೆ ಯುಪಿಐ ಮಾಡಿದವರು ಇನ್ನೊಂದು ನೋಡಬೇಕು. ಬಿಟ್ಟುಹೋದ ಸಿಮ್ಮಿನ ನಂಬರು 90 ದಿನಗಳ ಬಳಿಕ ಇನ್ನೊಬ್ಬರ ಕೈಸೇರಬಹುದು. ನಿಮ್ಮ ಕಾಂಟ್ಯಾಕ್ಟ್‌ನಲ್ಲಿ ಇನ್ನೂ "ಸುಮಾ ಅಕ್ಕ" ಅಂತಲೇ ಇರುತ್ತದೆ. ಆ ನಂಬರಿಗೆ ಈಗ ಬೇರೆಯವರ ಖಾತೆ ಜೋಡಣೆ ಆಗಿರಬಹುದು.

ಐಎಫ್‌ಎಸ್‌ಸಿ ತಪ್ಪಿದರೆ

ಇದಕ್ಕೆ ಜನ ಹೆದರುವಷ್ಟು ಹೆದರಬೇಕಿಲ್ಲ. ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ. ಮೊದಲ ನಾಲ್ಕು ಬ್ಯಾಂಕ್, ಐದನೆಯದು ಯಾವಾಗಲೂ ಸೊನ್ನೆ, ಕೊನೆಯ ಆರು ಶಾಖೆ. ಐದನೆಯದನ್ನು ಇಂಗ್ಲಿಷಿನ 'ಓ' ಅಂತ ಹಾಕಿದರೆ ಆ್ಯಪ್ ಒಪ್ಪುವುದಿಲ್ಲ. ಬ್ಯಾಂಕ್ ಸರಿ ಇದ್ದು ಶಾಖೆ ಮಾತ್ರ ತಪ್ಪಿದ್ದರೆ, ಖಾತೆ ಸಂಖ್ಯೆ ಸರಿ ಇರುವತನಕ ಹಣ ಹೆಚ್ಚಾಗಿ ಸರಿಯಾದ ಖಾತೆಗೇ ಸೇರುತ್ತದೆ. ಎಲ್ಲ ಶಾಖೆಗಳೂ ಒಂದೇ ಕಂಪ್ಯೂಟರ್ ವ್ಯವಸ್ಥೆಯಲ್ಲಿರುವ ಕೋರ್ ಬ್ಯಾಂಕಿಂಗ್‌ನಲ್ಲಿ ಒಂದು ಬ್ಯಾಂಕಿನ ಎಲ್ಲ ಶಾಖೆಗಳಿಗೂ ಸೇರಿ ಒಂದು ಸಂಖ್ಯೆ ಒಬ್ಬರಿಗೇ. ಬ್ಯಾಂಕೇ ತಪ್ಪಿದ್ದರೆ ಅಲ್ಲಿ ಆ ಸಂಖ್ಯೆಯ ಖಾತೆ ಇರುವ ಸಾಧ್ಯತೆ ಕಡಿಮೆ. ಹಣ ವಾಪಸ್ ಬರುತ್ತದೆ.

ನಮ್ಮ ರಾಜ್ಯದಲ್ಲಿ ಈ ತಲೆನೋವು ಸ್ವಲ್ಪ ಜಾಸ್ತಿ, ಯಾಕೆಂದರೆ ಇಲ್ಲಿ ಹುಟ್ಟಿದ ಬ್ಯಾಂಕುಗಳು ಒಂದರ ಹಿಂದೆ ಒಂದು ವಿಲೀನವಾದವು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಕ್ರಮವಾಗಿ ಕೆನರಾಗೆ ಮತ್ತು ಯೂನಿಯನ್ ಬ್ಯಾಂಕಿಗೆ. 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ಒಂದಾದವು. ಹಳೆಯ ಪಾಸ್‌ಬುಕ್ ನೋಡಿ ಕಳಿಸಿದರೆ ರದ್ದಾದ ಐಎಫ್‌ಎಸ್‌ಸಿ ಸಿಗುತ್ತದೆ, ವಹಿವಾಟು ಫೇಲ್ ಆಗುತ್ತದೆ. ಫೇಲ್ ಆದರೆ ನಷ್ಟವಿಲ್ಲ. ಮನೆಯ ಹಿರಿಯರ ಹಳೆಯ ಪಾಸ್‌ಬುಕ್ಕನ್ನು ಒಮ್ಮೆ ಶಾಖೆಗೆ ಒಯ್ದು ಬದಲಾಯಿಸಿ ತನ್ನಿ.

ವಾಪಸ್ ಬರಲು ಇನ್ನೂ ಕೆಲವು ಕಾರಣ ಉಂಟು. ಖಾತೆ ಮುಚ್ಚಿರಬಹುದು, ಫ್ರೀಜ್ ಆಗಿರಬಹುದು. ಪೂರ್ತಿ ದಾಖಲೆ ಕೊಡದೆ ತೆರೆದ ಸಣ್ಣ ಖಾತೆಯಾದರೆ ಅದರಲ್ಲಿ 50,000 ರೂಪಾಯಿಗಿಂತ ಜಾಸ್ತಿ ಇರುವಂತಿಲ್ಲ, ವರ್ಷಕ್ಕೆ ಒಟ್ಟು 1 ಲಕ್ಷಕ್ಕಿಂತ ಜಾಸ್ತಿ ಜಮಾ ಆಗುವಂತಿಲ್ಲ. ಇಂಥ ಖಾತೆಗೆ ದೊಡ್ಡ ಮೊತ್ತ ಹಾಕಿದರೆ ಹಿಂದಕ್ಕೆ ಬರುತ್ತದೆ. ಇದು ತಪ್ಪು ಖಾತೆಯ ಸಮಸ್ಯೆ ಅಲ್ಲ.

ತಪ್ಪು ಖಾತೆಗೇ ಹೋಗಿದೆ ಅಂತ ಖಚಿತವಾದರೆ

ಈಗ ಗಡಿಬಿಡಿ ಮಾಡಿ. ಇಲ್ಲಿ ಗಂಟೆಗಳ ಲೆಕ್ಕ. ಹಣ ಆ ಖಾತೆಯಲ್ಲಿ ಹಾಗೇ ಇದ್ದರೆ ವಾಪಸ್ ಬರುವ ಸಾಧ್ಯತೆ ಚೆನ್ನಾಗಿರುತ್ತದೆ. ಆ ಖಾತೆಗೆ ಸಾಲದ ಕಂತಿನ ಆಟೋ ಡೆಬಿಟ್ ಇದ್ದರೆ ಹಣ ಅದಕ್ಕೇ ಹೋಗಬಹುದು. ಬಾಕಿ ಶುಲ್ಕಗಳಿದ್ದರೆ ಬ್ಯಾಂಕಿನ ಸಿಸ್ಟಂ ತಾನೇ ಹಿಡಿದುಕೊಳ್ಳಬಹುದು. ಎಟಿಎಂನಿಂದ ತೆಗೆದರಂತೂ ಮುಗಿಯಿತು, ಆಮೇಲೆ ವಸೂಲಿಯ ಮಾತು.

ಮೊದಲು ನಿಮ್ಮ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ದೂರು ಸಂಖ್ಯೆ ಪಡೆಯಿರಿ. ದೂರಿನಲ್ಲಿ "ತಪ್ಪು ಖಾತೆಗೆ ಜಮಾ ಆಗಿದೆ" ಎಂಬ ಮಾತು ಇರಲೇಬೇಕು. "ಸೇರಿಲ್ಲ" ಅನ್ನಬೇಡಿ. ಯುಪಿಐ ಆಗಿದ್ದರೆ ಆ್ಯಪ್‌ನ ಹಿಸ್ಟರಿಯಲ್ಲಿ ಅದೇ ವಹಿವಾಟನ್ನು ತೆರೆದು ದೂರು ಕೊಡಿ. ಆಮೇಲೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಜಾಲತಾಣದ ಯುಪಿಐ ದೂರು ಪುಟದಲ್ಲಿ, ಬೇರೆ ಖಾತೆಗೆ ತಪ್ಪಾಗಿ ಹೋಗಿದೆ ಎಂಬ ಆಯ್ಕೆಯಡಿ ದಾಖಲಿಸಿ. ಶುಲ್ಕರಹಿತ ಸಂಖ್ಯೆ 1800-120-1740.

ಅಷ್ಟಕ್ಕೇ ನಿಲ್ಲಿಸದೆ ಅದೇ ದಿನ ನಿಮ್ಮ ಶಾಖೆಗೆ ಹೋಗಿ ಲಿಖಿತ ಪತ್ರ ಕೊಡಿ. ಮೊತ್ತ ದೊಡ್ಡದಾಗಿದ್ದರೆ ಹಣ ಹೋಗಿ ಬಿದ್ದ ಬ್ಯಾಂಕಿನ ಶಾಖೆಗೂ ಅದರ ನಕಲು ಮುಟ್ಟಿಸಿ. ಐಎಫ್‌ಎಸ್‌ಸಿ ನೋಡಿದರೆ ಅದು ಯಾವ ಬ್ಯಾಂಕ್ ಅಂತ ಗೊತ್ತಾಗುತ್ತದೆ. ಪತ್ರ ಹೀಗಿದ್ದರೆ ಸಾಕು:

"ಶಾಖಾ ವ್ಯವಸ್ಥಾಪಕರಿಗೆ,
ನನ್ನ ಖಾತೆ ಸಂಖ್ಯೆ ......ರಿಂದ ದಿನಾಂಕ ......, ಸಮಯ ......ಕ್ಕೆ ರೂ. ...... ಮೊತ್ತವನ್ನು ಐಎಂಪಿಎಸ್ / ನೆಫ್ಟ್ / ಯುಪಿಐ ಮೂಲಕ ಕಳಿಸಿದ್ದೇನೆ. ವಹಿವಾಟು ಸಂಖ್ಯೆ ....... ಹಣ ಹೋಗಬೇಕಾಗಿದ್ದ ಖಾತೆ ......, ಹೆಸರು ....... ಸಂಖ್ಯೆ ತಪ್ಪಾಗಿ ನಮೂದಾದ ಕಾರಣ ಹಣವು ...... ಖಾತೆಗೆ ಜಮಾ ಆಗಿದೆ. ಆ ಖಾತೆದಾರರಿಗೂ ನನಗೂ ಯಾವುದೇ ವ್ಯವಹಾರ ಇಲ್ಲ. ದಯವಿಟ್ಟು ಅವರ ಬ್ಯಾಂಕನ್ನು ಕೂಡಲೇ ಸಂಪರ್ಕಿಸಿ, ಖಾತೆದಾರರ ಒಪ್ಪಿಗೆ ಪಡೆದು ಹಣ ಹಿಂದಿರುಗಿಸಲು ಕ್ರಮ ಕೈಗೊಳ್ಳಬೇಕಾಗಿ ಕೋರುತ್ತೇನೆ. ಸಹಾಯವಾಣಿ ದೂರು ಸಂಖ್ಯೆ ......."

ಎರಡು ಪ್ರತಿ ಒಯ್ಯಿರಿ. ಒಂದಕ್ಕೆ ಶಾಖೆಯ ಸೀಲ್, ದಿನಾಂಕ, ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. "ಆನ್‌ಲೈನ್‌ನಲ್ಲಿ ಕೊಟ್ಟಿದ್ದೀರಲ್ಲ, ಇದು ಬೇಡ" ಅಂತ ಹೇಳುವವರು ಸಿಗುತ್ತಾರೆ. ಮಣಿಯಬೇಡಿ. ಮುಂದೆ ಎಲ್ಲಿಗೆ ಹೋದರೂ ಕೇಳುವುದು ಈ ಸೀಲ್ ಬಿದ್ದ ಕಾಗದವನ್ನೇ. ಜೊತೆಗೆ ಸರಿಯಾದ ಪಾಸ್‌ಬುಕ್ಕಿನ ನಕಲನ್ನೂ ಲಗತ್ತಿಸಿ. ಎರಡು ಸಂಖ್ಯೆಗಳ ನಡುವೆ ಒಂದೇ ಅಂಕಿ ವ್ಯತ್ಯಾಸ ಅಂತ ಕಣ್ಣಿಗೆ ಕಂಡರೆ, ಆ ಕಡೆಯ ಶಾಖೆಯವರೂ ಖಾತೆದಾರರಿಗೆ ಧೈರ್ಯವಾಗಿ ಹೇಳಬಲ್ಲರು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನೀವೇ ತಪ್ಪು ಸಂಖ್ಯೆ ಕೊಟ್ಟಿದ್ದರೆ, ಬ್ಯಾಂಕ್ ತಾನಾಗಿ ಆ ಖಾತೆಯಿಂದ ಹಣ ತೆಗೆದು ನಿಮಗೆ ಕೊಡುವಂತಿಲ್ಲ. ಆ ಖಾತೆದಾರರ ಒಪ್ಪಿಗೆ ಬೇಕು. ಅವರ ಹೆಸರು, ವಿಳಾಸ, ಫೋನ್ ನಂಬರನ್ನೂ ನಿಮಗೆ ಹೇಳುವಂತಿಲ್ಲ. ಕೌಂಟರಿನವರ ಮೇಲೆ ಕೂಗಾಡಿ ಉಪಯೋಗವಿಲ್ಲ. ಇವತ್ತು ನಿಮಗೆ ಅಡ್ಡಿಯಾದ ಈ ನಿಯಮವೇ ನಾಳೆ ಯಾರೋ ಬಂದು "ನನ್ನ ಹಣ ಇವರ ಖಾತೆಗೆ ಹೋಗಿದೆ" ಅಂದಾಗ ನಿಮ್ಮ ಖಾತೆಯನ್ನು ಕಾಯುತ್ತದೆ.

ಆ ಕಡೆಯವರು ಒಪ್ಪದಿದ್ದರೆ

ಕಾನೂನು ನಿಮ್ಮ ಪರವಾಗಿದೆ, ಆದರೆ ನಿಧಾನ. ಭಾರತೀಯ ಕರಾರು ಕಾಯ್ದೆ 1872ರ 72ನೇ ಕಲಂ ಪ್ರಕಾರ ತಪ್ಪಾಗಿ ಬಂದ ಹಣವನ್ನು ಪಡೆದವರು ಹಿಂದಿರುಗಿಸಲೇಬೇಕು. ತಿಳಿದೂ ತಿಳಿದೂ ಬಳಸಿಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಅನ್ವಯಿಸುತ್ತದೆ. 2024ರ ಜುಲೈಗೆ ಮುಂಚೆ ಇದು ಐಪಿಸಿ 403 ಆಗಿತ್ತು. ಬ್ಯಾಂಕಿನ ಮೂಲಕ ಇದನ್ನು ತಿಳಿಸಿಕೊಟ್ಟರೇ ಅರ್ಧಕ್ಕರ್ಧ ಜನ ದಾರಿಗೆ ಬರುತ್ತಾರೆ ಅನ್ನುವುದು ನನ್ನ ಅನುಭವ. ಬಹಳಷ್ಟು ಜನ ಮೋಸಗಾರರಲ್ಲ. "ಸರ್ಕಾರದ್ದು ಏನೋ ಬಂದಿರಬೇಕು" ಅಂತ ಖರ್ಚು ಮಾಡಿಕೊಂಡಿರುತ್ತಾರೆ. ಅಂಥವರು ಕಂತಿನಲ್ಲಿ ಕೊಡುತ್ತೇನೆ ಅಂದರೆ ಒಪ್ಪಿಕೊಳ್ಳಿ, ಆದರೆ ಶಾಖೆಯಲ್ಲೇ ಬರೆಸಿಕೊಳ್ಳಿ.

ಆಗಲೂ ಬಗ್ಗದಿದ್ದರೆ ಪೊಲೀಸ್ ದೂರು, ಇಲ್ಲವೇ ವಕೀಲರ ನೋಟಿಸ್ ಮತ್ತು ಸಿವಿಲ್ ದಾವೆ. ಪೊಲೀಸರಿಗೂ ನ್ಯಾಯಾಲಯಕ್ಕೂ ಬ್ಯಾಂಕ್ ಖಾತೆದಾರರ ವಿವರ ಕೊಡುತ್ತದೆ. ಸಣ್ಣ ಮೊತ್ತಕ್ಕೆ ದಾವೆ ಹೂಡಿದರೆ ಖರ್ಚೇ ಜಾಸ್ತಿ. ಅಂಥ ಕಡೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು, ಕೇಸು ಹಾಕುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುವುದು ಒಳ್ಳೆಯದು. ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು. ದಾವೆಗೆ ಕಾಲಮಿತಿ 3 ವರ್ಷ.

ಬ್ಯಾಂಕೇ ಸುಮ್ಮನೆ ಕೂತರೆ? ಪತ್ರ ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448. ಓಂಬುಡ್ಸ್‌ಮನ್ ನೋಡುವುದು ಬ್ಯಾಂಕ್ ತನ್ನ ಕೆಲಸ ಮಾಡಿತೇ ಇಲ್ಲವೇ ಅಂತ. ಹಣ ಇಟ್ಟುಕೊಂಡವರಿಂದ ಅದು ವಸೂಲಿ ಮಾಡಿಕೊಡುವುದಿಲ್ಲ. ಈ ವ್ಯತ್ಯಾಸ ತಿಳಿದು ದೂರು ಬರೆಯಿರಿ: ಯಾವ ದಿನ ಪತ್ರ ಕೊಟ್ಟಿರಿ, ಬ್ಯಾಂಕ್ ಏನು ಮಾಡಲಿಲ್ಲ, ಅಷ್ಟು.

ತಪ್ಪು ಬ್ಯಾಂಕಿನದ್ದೇ ಆಗಿದ್ದರೆ

ಶಾಖೆಯಲ್ಲಿ ಚಲನ್ ತುಂಬಿ ಕಳಿಸಿದವರು ಮೊದಲು ತಮ್ಮ ಕೌಂಟರ್‌ಫಾಯಿಲ್ ನೋಡಿ. ನೀವು ಬರೆದದ್ದು ಸರಿ ಇದ್ದು, ಒಳಗೆ ಟೈಪ್ ಮಾಡುವಾಗ ತಪ್ಪಾಗಿದ್ದರೆ, ಹೊಣೆ ಬ್ಯಾಂಕಿನದು. ಆಗ ಒಪ್ಪಿಗೆಗೆ ಕಾಯುವ ಪಾಡು ನಿಮಗೆ ಬೇಡ. ನಿಮ್ಮ ಹಣ ನಿಮಗೆ ಕೊಟ್ಟು, ಆ ಕಡೆಯಿಂದ ವಸೂಲಿ ಮಾಡಿಕೊಳ್ಳುವುದು ಬ್ಯಾಂಕಿನ ಕೆಲಸ. ಅದಕ್ಕೇ ಆ ಸಣ್ಣ ಹರಕು ಕಾಗದವನ್ನು ಹಣ ಮುಟ್ಟುವವರೆಗೆ ಬಿಸಾಡಬಾರದು.

ಬ್ಯಾಂಕುಗಳ ಕೈಯಲ್ಲೂ ದೊಡ್ಡ ತಪ್ಪಾಗುತ್ತದೆ. 2023ರ ನವೆಂಬರ್ 10ರಿಂದ 13ರವರೆಗೆ ಯೂಕೋ ಬ್ಯಾಂಕಿನ ಐಎಂಪಿಎಸ್ ವ್ಯವಸ್ಥೆಯಲ್ಲಿ ತಾಂತ್ರಿಕ ದೋಷವಾಗಿ ಸುಮಾರು 820 ಕೋಟಿ ರೂಪಾಯಿ ಗ್ರಾಹಕರ ಖಾತೆಗಳಿಗೆ ತಪ್ಪಾಗಿ ಜಮಾ ಆಯಿತು. ಬ್ಯಾಂಕ್ ಆ ಖಾತೆಗಳನ್ನು ತಡೆಹಿಡಿದು ಕೆಲವೇ ದಿನಗಳಲ್ಲಿ 649 ಕೋಟಿ ವಾಪಸ್ ಪಡೆಯಿತು. ಬ್ಯಾಂಕಿನ ದೋಷವಾದಾಗ ಇಷ್ಟು ಬೇಗ ತಡೆಹಿಡಿಯಲು ಬರುತ್ತದೆ. ಗ್ರಾಹಕರ ಕೈತಪ್ಪು ಆದಾಗ ಒಪ್ಪಿಗೆ ಪತ್ರಕ್ಕೆ ವಾರಗಟ್ಟಲೆ ಕಾಯಿಸುತ್ತಾರೆ. ಇದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಒಂದೆರಡು ದಿನದ ಮಟ್ಟಿಗಾದರೂ ಆ ಮೊತ್ತವನ್ನು ತಡೆದಿಡುವ ನಿಯಮ ಬರಬೇಕು.

ಇದು ಮೋಸವೇ ಆಗಿದ್ದರೆ

ನೀವೇ ಅಂಕಿ ತಪ್ಪಿ ಕಳಿಸುವುದು ಬೇರೆ, ಯಾರೋ ನಂಬಿಸಿ ಅವರ ಖಾತೆಗೆ ಹಾಕಿಸಿಕೊಳ್ಳುವುದು ಬೇರೆ. ಅಂಗಡಿಯ ಕ್ಯೂಆರ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿರುತ್ತಾರೆ. ಸಪ್ಲೈಯರ್ ಹೆಸರಿನಲ್ಲಿ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ" ಅಂತ ಇಮೇಲ್ ಬರುತ್ತದೆ. ಇಂಥದ್ದರಲ್ಲಿ ಶಾಖೆಗೆ ಪತ್ರ ಬರೆಯುತ್ತಾ ಕೂರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಆ ದಾರಿಯಲ್ಲಿ ಒಪ್ಪಿಗೆ ಬೇಕಿಲ್ಲ. ಹಣ ಇನ್ನೂ ಖಾತೆಯಲ್ಲಿದ್ದರೆ ತಡೆಹಿಡಿಯುತ್ತಾರೆ. ಹಾಗಂತ ಕೈತಪ್ಪಿನಿಂದ ಹೋದ ಹಣಕ್ಕೆ ಮೋಸ ಅಂತ ಸುಳ್ಳು ದೂರು ಕೊಡಬಾರದು. ಪಾಪ, ಏನೂ ತಿಳಿಯದವರ ಖಾತೆ ಲಾಕ್ ಆಗಿ ಅವರ ಮನೆ ಖರ್ಚಿಗೂ ತತ್ವಾರವಾಗುತ್ತದೆ.

ಗೃಹಲಕ್ಷ್ಮಿ, ಪಿಂಚಣಿ ಹಣ "ಬೇರೆ ಖಾತೆಗೆ" ಹೋದರೆ

ಈ ದೂರು ಹಳ್ಳಿಗಳಲ್ಲಿ ಬಹಳ. ಗೃಹಲಕ್ಷ್ಮಿಯ 2,000 ರೂಪಾಯಿ, ಪಿಎಂ ಕಿಸಾನ್ ಕಂತು "ಬಂದೇ ಇಲ್ಲ, ಬೇರೆಯವರಿಗೆ ಹೋಗಿದೆ" ಅನ್ನುತ್ತಾರೆ. ಇಲ್ಲಿ ಹೆಚ್ಚಿನ ಸಲ ಹಣ ಅವರದೇ ಇನ್ನೊಂದು ಖಾತೆಯಲ್ಲಿರುತ್ತದೆ. ಆಧಾರ್ ಮೂಲಕ ಬರುವ ಹಣ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ. ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ ಹೋಗುತ್ತದೆ. ಯಾವಾಗಲೋ ಸಂಘದ ಸಾಲಕ್ಕೆ ಅಂತ ತೆರೆಸಿದ ಖಾತೆ ಅದಾಗಿರಬಹುದು. ಮೈ ಆಧಾರ್ ಪೋರ್ಟಲ್‌ನಲ್ಲಿ ಬ್ಯಾಂಕ್ ಸೀಡಿಂಗ್ (ಈ ಜೋಡಣೆಯ) ಸ್ಥಿತಿ ನೋಡಿದರೆ ಯಾವ ಬ್ಯಾಂಕ್ ಅಂತ ಬರುತ್ತದೆ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ನೋಡಬಹುದು. ಅದು ಬೇಡವಾದರೆ, ಬೇಕಾದ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಅರ್ಜಿ ಕೊಡಿ.

ನಿಮ್ಮ ಖಾತೆಗೆ ಯಾರದ್ದೋ ಹಣ ಬಂದರೆ

ಖರ್ಚು ಮಾಡಬೇಡಿ. ಹಾಗೆಯೇ, ಫೋನ್ ಮಾಡಿ "ಅಣ್ಣಾ, ತಪ್ಪಾಗಿ ಬಂದಿದೆ, ಈ ನಂಬರಿಗೆ ಹಾಕಿಬಿಡಿ" ಅಂತ ಅಳುವವರ ಮಾತಿಗೆ ಕೂಡಲೇ ಹಣವನ್ನೂ ಕಳಿಸಬೇಡಿ. ಮೊದಲು ಬ್ಯಾಲೆನ್ಸ್ ನೋಡಿ. ಹಣವೇ ಬಂದಿರದೆ, ಬ್ಯಾಂಕಿನ ಮೆಸೇಜಿನ ಹಾಗೆ ಕಾಣುವ ನಕಲಿ ಮೆಸೇಜ್ ಮಾತ್ರ ಬಂದಿರಬಹುದು. ಹಣ ನಿಜಕ್ಕೂ ಬಂದಿದ್ದರೆ ಅದು ಬೇರೆ ಯಾರಿಂದಲೋ ಕದ್ದದ್ದಾಗಿರಬಹುದು. ನೀವು ಹೊಸ ನಂಬರಿಗೆ ಕಳಿಸಿದರೆ, ಕದ್ದ ಹಣ ದಾಟಿಸಿದವರ ಸಾಲಿನಲ್ಲಿ ನಿಮ್ಮ ಖಾತೆಯೂ ಸೇರುತ್ತದೆ. ನಿಜವಾದ ಮಾಲೀಕರ ದೂರು ಬಂದ ದಿನ ಪೊಲೀಸರು ನಿಮ್ಮನ್ನು ಕೇಳುತ್ತಾರೆ, ಅಷ್ಟರಲ್ಲಿ ನೀವು ಕೈಯಿಂದ ಕೊಟ್ಟಾಗಿರುತ್ತದೆ.

ಕರೆ ಮಾಡಿದವರಿಗೆ "ನಿಮ್ಮ ಬ್ಯಾಂಕಿನಲ್ಲಿ ದೂರು ಕೊಡಿ, ನನ್ನ ಬ್ಯಾಂಕ್ ಕೇಳಿದ ದಿನವೇ ಒಪ್ಪಿಗೆ ಕೊಡುತ್ತೇನೆ" ಅಂತ ಹೇಳಿ. ನಿಜವಾಗಿ ಹಣ ಕಳೆದುಕೊಂಡವರು ಇದಕ್ಕೆ ಒಪ್ಪುತ್ತಾರೆ. ನೀವೂ ಅದೇ ದಿನ ಶಾಖೆಗೆ ಹೋಗಿ, ಇಂಥ ಮೊತ್ತ ಇಂಥ ದಿನ ಬಂದಿದೆ, ನನ್ನದಲ್ಲ, ಬಂದ ಖಾತೆಗೇ ಹಿಂದಿರುಗಿಸಿ ಅಂತ ಬರೆದುಕೊಡಿ. ಹಣ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು, ಬೇರೆ ಖಾತೆಗೆ ಬೇಡ. ಹಿಂದಿರುಗಿಸಿದ ವಹಿವಾಟಿನ ಸಂಖ್ಯೆ ಬರೆಸಿಕೊಂಡು, ಪತ್ರದ ನಕಲಿಗೆ ಸೀಲ್ ಹಾಕಿಸಿಕೊಂಡು ಬನ್ನಿ.